ಸರಪಳಿಗೆ ಬಿದ್ದ ಹೊಸ ಬಳೆ

ಮೋಜಣಿದಾರ ನೆಲ ಅಳೆಯುವುದಕ್ಕೆ ಮುಂಚೆ ತನ್ನ ಸರಪಳಿಯನ್ನು ಅಳೆಯಬೇಕು. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ ದಿನವಿಡೀ ಕಲ್ಲು ಮುಳ್ಳುಗಳ ಮೇಲೆ ಎಳೆದಾಡಿ ಹಿಗ್ಗುತ್ತದೆ. ಕೊಂಡಿಗಳನ್ನು ಕೂಡಿಸುವ ಬಳೆಗಳು ಬಾಯಿ ಬಿಡುತ್ತವೆ. ಆದ್ದರಿಂದ ಬಿಡಾರ ಹೂಡಿದ ಕಡೆಯಲ್ಲೆಲ್ಲ ಮೊದಲು ಎರಡು ಚಪ್ಪಟೆ ಕಲ್ಲು ಹೂಳಿ, ಉಕ್ಕಿನ ಟೇಪು ಹಿಡಿದು ಅವುಗಳ ಮೇಲೆ ಸರಿಯಾಗಿ ಮೂವತ್ತಮೂರು ಅಡಿಗೆ ಗೆರೆ ಕೊರೆಯಬೇಕು. ಪ್ರತಿದಿನ ಬೆಳಿಗ್ಗೆ ಆ ಎರಡು ಗೆರೆಗಳ ನಡುವೆ ಸರಪಳಿ ಹಾಸಿ ನೋಡಿ, ಫೀಲ್ಡ್ ಬುಕ್ಕಿನಲ್ಲಿ ‘ಸರಪಳಿ ಸರಿ’ ಎಂದು ಬರೆದು ಇಬ್ಬರು ಸಹಿ ಹಾಕಿದ ಮೇಲೆಯೇ ಹೊರಡಬೇಕು. ನಾನು ಕಲಿತ ಮೊದಲ ಪಾಠ ಇದು.

ಕಲಿಸಿದವರು ನಮ್ಮ ಹಿರಿಯ ಮೋಜಣಿದಾರರು. ನಾನು ಬಿ.ಎ. ಮುಗಿಸಿ ಇಲಾಖೆಗೆ ಪ್ರೊಬೇಷನರ್ ಆಗಿ ಬಂದಿದ್ದೆ. ಒಂದು ವರ್ಷ ಅವರ ಕೈಕೆಳಗೆ ಕೆಲಸ ಮಾಡಿ, ಅವರು ಒಳ್ಳೆಯ ಮಾತು ಬರೆದರೆ ಖಾಯಂ. ಅವರಿಗೆ ಪಿಂಚಣಿಗೆ ಎರಡು ವರ್ಷ ಉಳಿದಿತ್ತು. ಇಡೀ ಸೇವೆಯಲ್ಲಿ ಅವರ ಮೇಲೆ ಒಂದು ಕಪ್ಪುಚುಕ್ಕೆ ಇರಲಿಲ್ಲ. ಅದನ್ನು ಅವರೇ ಆಗಾಗ ಹೇಳುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಡೇರೆಯಲ್ಲಿ ತಾವೇ ಹುಳಿ ಬೇಯಿಸಿ ನನಗೆ ಬಡಿಸಿ ಆಮೇಲೆ ತಾವು ಕೂರುತ್ತಿದ್ದರು. “ಏನಯ್ಯಾ ಬಿ.ಎ., ಕಾಲೇಜಿನಲ್ಲಿ ಸರಪಳಿ ಮಡಿಸೋದು ಹೇಳಿಕೊಡ್ಲಿಲ್ವೇ?” ಎಂದು ಹಂಗಿಸಿ, ಕೈ ಹಿಡಿದು ಮಡಿಸುವುದನ್ನು ತೋರಿಸಿದವರು ಅವರೇ.

ಈ ಕೆಳಗಿನದನ್ನು ನಾನು ನೆನಪಿನಿಂದ ಬರೆಯುತ್ತಿದ್ದೇನೆ. ಕಾಲೇಜಿನ ದಿನಗಳಿಂದ ತಪ್ಪದೆ ಡೈರಿ ಬರೆದವನು ನಾನು, ಆದರೆ ಆ ವರ್ಷದ್ದು ನನ್ನ ಹತ್ತಿರ ಇಲ್ಲ. ಏಕೆ ಇಲ್ಲವೆಂಬುದು ಮುಂದೆ ಬರುತ್ತದೆ.

ಯುರೋಪಿನ ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಯಗಟಿಗೂ ಪಂಚನಹಳ್ಳಿಗೂ ನಡುವೆ ಸರ್ಕಾರಿ ದನಗಳು ಮೇಯುವ ಒಂದು ಕಾವಲಿತ್ತು. ಅದರ ಮೂಡಣ ಮೂಲೆಯಲ್ಲಿ ಗಡಿ ತೋರಿಸುವ ಬಾಂದುಕಲ್ಲು ಎಂದೋ ಕಳೆದುಹೋಗಿತ್ತು. ಹಳೆಯ ನಕ್ಷೆಯ ಪ್ರಕಾರ ಪಡುವಣ ಮೂಲೆಯ ಕಲ್ಲಿನಿಂದ ನೆಟ್ಟಗೆ ಎಂಬತ್ತನಾಲ್ಕು ಸರಪಳಿ ಹೋಗಿ ಹೊಸ ಕಲ್ಲು ನೆಡಬೇಕು. ಅಷ್ಟೇ ಕೆಲಸ. ಅಜ್ಜಂಪುರದ ಬಿಡಾರ ಎತ್ತಿ, ನಾವು ಕೈಗೆ ಸಿಕ್ಕಿದಷ್ಟು ಸಾಮಾನಿನೊಂದಿಗೆ ಮುಂದೆ ಬಂದೆವು. ಉಕ್ಕಿನ ಟೇಪು ಇದ್ದ ಗಾಡಿಯ ಅಚ್ಚು ಮುರಿದು ಅದು ಕಡೂರಿನಲ್ಲೇ ನಿಂತುಹೋಯಿತು.

ಟೇಪಿಲ್ಲದೆ ಪರೀಕ್ಷೆಯ ಕಲ್ಲು ಹೂಳುವಂತಿಲ್ಲ. ಗಾಡಿ ಬರುವ ತನಕ ಕಾಯಬೇಕಾಗಿತ್ತು. “ಅಜ್ಜಂಪುರದಲ್ಲಿ ಹೊರಡೋ ಬೆಳಿಗ್ಗೆ ನೋಡಿದ್ದೀವಿ, ಕೂದಲೆಳೆ ವ್ಯತ್ಯಾಸ ಇರ್ಲಿಲ್ಲ. ಎರಡು ದಿನದಲ್ಲಿ ಏನಾಗುತ್ತೆ?” ಎಂದು ಹಿರಿಯರು ಫೀಲ್ಡ್ ಬುಕ್ ತೆರೆದು ‘ಸರಪಳಿ ಸರಿ’ ಎಂದು ಬರೆದರು. ಸಹಿ ಹಾಕಿದರು. ಪುಸ್ತಕ ನನ್ನ ಕಡೆ ತಿರುಗಿಸಿದರು. ನಾನೂ ಹಾಕಿದೆ.

ಮೊದಲ ಎರಡು ದಿನ ಪಡುವಣ ಮೂಲೆಯ ಕಲ್ಲನ್ನು ಗೊತ್ತುಮಾಡಿಕೊಳ್ಳುವ ಅಳತೆಯಲ್ಲಿ ಕಳೆದವು, ಎರಡನೆಯ ಬೆಳಿಗ್ಗೆಯೂ ಹಾಗೆಯೇ ಸಹಿ ಹಾಕಿದ್ದೆವು. ಆ ಸಂಜೆ ಸರಪಳಿ ಒಂದು ಬಂಡೆಯ ಸಂದಿಗೆ ಸಿಕ್ಕಿ ಒಂದು ಬಳೆ ಕಿತ್ತುಬಂತು. ಸರಪಳಿ ಎಳೆಯುವ ಆಳು ಅದನ್ನು ಪಂಚನಹಳ್ಳಿಯ ಕಮ್ಮಾರನ ಹತ್ತಿರ ಒಯ್ದು ಹೊಸ ಬಳೆ ಹಾಕಿಸಿಕೊಂಡು ಬಂದ. ಕಮ್ಮಾರ ಎತ್ತಿನ ನೊಗಕ್ಕೆ ಹಾಕುವಂಥ ಗಟ್ಟಿ, ಉದ್ದನೆಯ ಬಳೆ ಹಾಕಿದ್ದ. ಇನ್ನು ಹತ್ತು ವರ್ಷ ಅಲ್ಲಾಡೋಲ್ಲ ಅಂತ ಹೇಳಿ ಕಳಿಸಿದ್ದನಂತೆ. ರಿಪೇರಿಯಾದ ಸರಪಳಿಯನ್ನು ಪರೀಕ್ಷೆ ಮಾಡದೆ ಮುಟ್ಟಬಾರದು. ಮಾರನೆಯ ಬೆಳಿಗ್ಗೆ ಮತ್ತೆ ‘ಸರಪಳಿ ಸರಿ’ ಎಂದು ಬರೆದು, ಇಬ್ಬರೂ ಸಹಿ ಹಾಕಿ, ಕಾವಲಿನ ಗೆರೆ ಹಿಡಿದೆವು.

ಒಂದೊಂದು ಸರಪಳಿಗೂ ಒಂದೊಂದು ಕಬ್ಬಿಣದ ಕಡ್ಡಿ ಚುಚ್ಚುತ್ತ, ಹತ್ತು ಕಡ್ಡಿಗೊಮ್ಮೆ ಎಣಿಸಿ ಬರೆಯುತ್ತ ಹೋದೆವು. ಎಂಬತ್ತನಾಲ್ಕನೆಯ ಕಡ್ಡಿ ಒಂದು ಕತ್ತಾಳೆ ಬೇಲಿಯನ್ನು ದಾಟಿ, ಒಂದು ಬಾವಿಯನ್ನೂ ದಾಟಿ, ಅದರ ಆಚೆ ಬಿತ್ತು. ಬಾವಿಯ ಸುತ್ತ ವರ್ಷದ ಹಿಂದೆ ನೆಟ್ಟ ಹದಿನೆಂಟು ತೆಂಗಿನ ಸಸಿಗಳಿದ್ದವು. ಒಬ್ಬ ಹೆಂಗಸು ಕೊಡದಲ್ಲಿ ನೀರು ಹೊತ್ತು ಅವಕ್ಕೆ ಹುಯ್ಯುತ್ತಿದ್ದಳು. ಐವತ್ತರ ಆಸುಪಾಸು, ಗಂಡನಿಲ್ಲ. ಕೊಡ ಇಳಿಸಿ ಬಂದು ನಮ್ಮ ಕಡ್ಡಿಯನ್ನು ನೋಡಿದಳು.

“ಇದೇನ್ ಬುದ್ಧೀ ಇದು? ಕಾವಲು ನಮ್ ಬೇಲಿಯಿಂದ ಆಚೀಗಲ್ವಾ?”

“ನಕ್ಷೆ ಹೇಳೋದು ಇಲ್ಲಿಗೆ,” ಎಂದರು ಹಿರಿಯರು.

“ನಕ್ಷೆ ಬಾವಿ ತೋಡ್ತಾ? ನನ್ ಗಂಡ ಅಗೆದ, ನಾನ್ ಮಣ್ಣು ಹೊತ್ತೆ.” ಅವಳು ಬಗ್ಗಿ, ನೆಲದ ಮೇಲೆ ಹಾಸಿದ್ದ ಸರಪಳಿಯನ್ನು ಹಿಂದಕ್ಕೆ ನೋಡಿಕೊಂಡು ಹೋಗಿ ಒಂದು ಕಡೆ ಬೆರಳಿಟ್ಟಳು. “ಇದೊಂದ್ ಬಳೆ ಹೊಳೀತೈತಲ್ಲ ಬುದ್ಧೀ! ಮಿಕ್ಕಿದ್ವೆಲ್ಲ ತುಕ್ಕು ಹಿಡ್ದವೆ. ಸೀರೆಗೆ ತೇಪೆ ಹಾಕಿದ್ ಮೇಲೆ ಉಟ್ ನೋಡ್ಬೇಕು, ಉದ್ದ ಸರಿ ಐತಾ ಅಂತ.”

ಹಿರಿಯರು ನಕ್ಕರು. “ಸರಪಳಿ ನೋಡೋಕೂ ಪರೀಕ್ಷೆ ಪಾಸು ಮಾಡಿದ್ದೀಯೇನಮ್ಮಾ?” ಎಂದರು. ಆಳುಗಳೂ ನಕ್ಕರು. ಅವಳು ಕೊಡ ಎತ್ತಿಕೊಂಡು ಸಸಿಗಳ ಕಡೆ ಹೋದಳು. ಕಲ್ಲು ನೆಟ್ಟೆವು. ಬಾವಿ ಮತ್ತು ಸಸಿಗಳು ಕಾವಲಿನ ಒಳಗೆ ಬಿದ್ದವು.

ಮಾರನೆಯ ಬೆಳಿಗ್ಗೆ ಗಾಡಿ ಬಂತು. ಪರೀಕ್ಷೆಯ ಕಲ್ಲು ಹೂಳಿ, ಟೇಪು ಹಿಡಿದು ಗೆರೆ ಕೊರೆದೆವು. ಮಂಜು ಬಿದ್ದಿತ್ತು, ಕಲ್ಲಿನ ಮೇಲಿನ ಇಬ್ಬನಿಯನ್ನು ನಾನು ಟವಲಿನಿಂದ ಒರೆಸಿ ಸರಪಳಿಯ ಹಿಡಿಕೆ ಇಟ್ಟು ನೋಡಿದೆ. ಹಿಡಿಕೆ ಗೆರೆಯಿಂದಾಚೆ ಹೋಗಿತ್ತು.

“ಮೂರು ಅಂಗುಲ ಉದ್ದ ಬರ್ತಿದೆ ಸಾರ್.”

ಅವರು ಬಂದು ಬಗ್ಗಿ ನೋಡಿದರು. ಹಿಡಿಕೆಯನ್ನು ಎತ್ತಿ ಮತ್ತೊಮ್ಮೆ ಇಟ್ಟು ನೋಡಿದರು.

“ನಿನ್ನೆ ಕೊನೇಲಿ ಈ ಎತ್ತುಗಳು ಬಂಡೆ ಮೇಲೆ ಎಳೆದ್ವಲ್ಲ,” ಎಂದು ಆಳುಗಳ ಕಡೆ ಕೈ ತೋರಿಸಿದರು, “ಆಗ ಹಿಗ್ಗಿರೋದು. ಕೊನೇ ನಾಲ್ಕು ಸರಪಳಿಗೆ ಮಾತ್ರ ತಾಗುತ್ತೆ. ಒಂದಡಿ. ಒಂದಡಿಗೆ ಯಾರಾದ್ರೂ ಕಲ್ಲು ಕಿತ್ತು ನೆಡ್ತಾರೇನಯ್ಯಾ?”

ಹೊಸ ಬಳೆ ನಮ್ಮಿಬ್ಬರ ಕಣ್ಣೆದುರಿಗೇ ಬಿದ್ದಿತ್ತು. ಅದನ್ನು ಹಾಕಿದ್ದು ಗೆರೆ ಹಿಡಿಯುವುದಕ್ಕೆ ಮುಂಚೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೂರು ಅಂಗುಲ ಮೊದಲ ಸರಪಳಿಯಿಂದಲೇ ಸೇರುತ್ತ ಬಂದಿರಬೇಕು. ಎಂಬತ್ತನಾಲ್ಕನ್ನು ಮೂರರಿಂದ ಗುಣಿಸಬೇಕಾಗಿತ್ತು, ಅಷ್ಟೇ. ಬಿ.ಎ.ಗೆ ಗಣಿತ ತೆಗೆದುಕೊಂಡಿದ್ದ ನಾನು ಆ ಗುಣಾಕಾರ ಮಾಡಲಿಲ್ಲ. ಮತ್ತೆ ಅಳೆದರೆ ಇನ್ನೊಂದು ಇಡೀ ದಿನದ ಕೆಲಸ, ಜೊತೆಗೆ ಏಕೆ ಮತ್ತೆ ಅಳೆದೆವೆಂದು ವರದಿ. ಆ ವರದಿಯಲ್ಲಿ ಮೂರು ಸುಳ್ಳು ಸಹಿಗಳು. “ಒಂದಡಿ ಇರಬಹುದು ಸಾರ್,” ಎಂದೆ. ಅವರು ನನ್ನ ಬೆನ್ನು ತಟ್ಟಿದರು. ಕಮ್ಮಾರನಿಂದ ಬಳೆ ಚಿಕ್ಕದು ಮಾಡಿಸಿ ತರಲು ಆಳನ್ನು ಕಳಿಸಿದರು.

ಮುಂದಿನ ಏಳು ವಾರಗಳಲ್ಲಿ ಏನಾಯಿತೆಂಬುದನ್ನು ನಾನು ಎಚ್ಚರದಿಂದ ಬರೆಯಬೇಕು. ನಾವು ಕುಳಿತು ಸಂಚು ಮಾಡಲಿಲ್ಲ. ಹೀಗೆ ಹೇಳೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲೂ ಇಲ್ಲ. ಊಟಕ್ಕೆ ಕೂತಾಗ ಹಿರಿಯರು ಒಂದು ಮಾತು ಹೇಳುತ್ತಿದ್ದರು, ನನಗೆ ಅದು ಸರಿ ಕಾಣುತ್ತಿತ್ತು. ಮೊದಲ ವಾರ ಸರಪಳಿ ‘ಕೊನೆಯಲ್ಲಿ’ ಹಿಗ್ಗಿತ್ತು. ಎರಡನೆಯ ವಾರ ಬಳೆ ಕಿತ್ತುಬಂದದ್ದೇ ಗೆರೆ ಮುಗಿದ ಸಂಜೆ ಎಂದಾಯಿತು. ಆಮೇಲೆ ಸರಪಳಿಯ ಮಾತೇ ನಿಂತು ಹೆಂಗಸಿನ ಮಾತು ಶುರುವಾಯಿತು. ಕಾವಲಿನ ಅಂಚಿನಲ್ಲಿ ಬಾವಿ ತೋಡಿದವರ ಉದ್ದೇಶ ಏನಿರಬಹುದು? ಕತ್ತಾಳೆ ಬೇಲಿ ಎಷ್ಟು ವರ್ಷದ್ದು? ನಾನೇ ಒಂದು ದಿನ ಯಗಟಿಯ ಶಾನುಭೋಗರ ಮನೆಗೆ ಹೋಗಿ, ಆ ಹೆಂಗಸಿನ ಮೇಲೆ ಹಿಂದೆ ಏನಾದರೂ ದೂರು ಇದೆಯೇ ಎಂದು ಕೇಳಿದೆ. ಯಾರೂ ಕೇಳೆಂದಿರಲಿಲ್ಲ. ಅವಳ ಕುರಿಗಳು ಒಮ್ಮೆ ಕಾವಲಿಗೆ ನುಗ್ಗಿ ಜುಲ್ಮಾನೆ ಆಗಿತ್ತಂತೆ. ಅದನ್ನು ಕೇಳಿದಾಗ ಆದ ಸಮಾಧಾನ ಈಗಲೂ ನೆನಪಿದೆ. ಬಿಡಾರಕ್ಕೆ ಬೇಗ ಬೇಗ ನಡೆದು ಬಂದು ಹಿರಿಯರಿಗೆ ಹೇಳಿದೆ.

“ನೋಡಿದ್ಯಾ? ನಾನು ಹೇಳ್ಲಿಲ್ವೇ?” ಎಂದರು ಅವರು. ಅಂದು ಊಟ ರುಚಿಯಾಗಿತ್ತು.

ಅತ್ತ ಕಾವಲಿನ ಕಾವಲುಗಾರರು ಹೊಸ ಕಲ್ಲಿನ ಗೆರೆಗೆ ಬೇಲಿ ಎಳೆದು ಬಾವಿಯ ದಾರಿಗೆ ಜಾಲಿಮುಳ್ಳು ಹಾಕಿದ್ದರು. ಬಿಸಿಲು ಏರುತ್ತಿತ್ತು. ಎಳೆಯ ತೆಂಗಿಗೆ ಮೊದಲ ಎರಡು ಬೇಸಿಗೆ ಕೊಡದ ನೀರು ತಪ್ಪಿದರೆ ಉಳಿಯುವುದಿಲ್ಲ. ಅವಳು ಕಡೂರಿಗೆ ನಡೆದು ಹೋಗಿ, ಅಮಲ್ದಾರರಿಗೆ ಅರ್ಜಿ ಬರೆಸಿ ಕೊಟ್ಟಿದ್ದಳು. ಅರ್ಜಿ ಮೇಜಿನಿಂದ ಮೇಜಿಗೆ ಹೋಗಿ, ಏಳನೆಯ ವಾರ ನಮ್ಮ ಇಲಾಖೆಯ ಸೂಪರಿಂಟೆಂಡೆಂಟರು ವಿಚಾರಣೆಗೆ ಯಗಟಿಯ ಚಾವಡಿಗೆ ಬಂದರು.

ಅವಳು ಹೇಳಿದ್ದು ಎರಡೇ ಮಾತು. “ನನ್ ಬಾವಿ ನಡ್ಕೊಂಡ್ ಹೋಗಿ ಕಾವಲಿನೊಳಗೆ ಬಿದ್ದಿಲ್ಲ ಬುದ್ಧೀ. ಸರಪಳಿ ನಡ್ಕೊಂಡ್ ಬಂದೈತೆ.”

ಸೂಪರಿಂಟೆಂಡೆಂಟರು ಹಿರಿಯರ ಕಡೆ ತಿರುಗಿ, ಆ ದಿನ ಸರಪಳಿ ಪರೀಕ್ಷೆ ಆಗಿತ್ತೇ ಎಂದು ಕೇಳಿದರು.

“ಆಗಿತ್ತು ಸ್ವಾಮಿ. ಆ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಮಂಜು ಬಿದ್ದಿತ್ತು. ಕಲ್ಲಿನ ಮೇಲಿನ ಇಬ್ಬನಿಯನ್ನ ಪ್ರೊಬೇಷನರೇ ಟವಲಿನಲ್ಲಿ ಒರೆಸಿದ್ರು. ನನಗೆ ಹತ್ತಿರದ್ದು ಅಷ್ಟು ಸರಿಯಾಗಿ ಕಾಣೋಲ್ಲ. ಗೆರೆ ನೋಡಿ ‘ಸರಿ ಇದೆ’ ಅಂತ ಹೇಳಿದ್ದು ಅವರು. ಬಿ.ಎ. ಓದಿದವರು, ನಂಬಿದೆ. ತಪ್ಪಾಗಿದ್ರೆ ಅಲ್ಲಿ ಆಗಿರಬೇಕು.”

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವವನ ಮುಖ ಹಾಗಿರುವುದಿಲ್ಲ. ಅವರ ದನಿಯಲ್ಲಿ ನನ್ನ ಬಗ್ಗೆ ಮರುಕವಿತ್ತು, ಕಲಿಸಿದ ಶಿಷ್ಯ ಎಡವಿದನಲ್ಲಾ ಎಂಬಂಥ ಮರುಕ. ಏಳು ತಿಂಗಳು ನನಗೆ ಬಡಿಸಿದ ಕೈ ಅದು. ಅದಕ್ಕಿಂತ ಕೆಟ್ಟದ್ದು ಮರುಕ್ಷಣ ಆಯಿತು: ಅವರು ಹೇಳಿದ ಬೆಳಿಗ್ಗೆ ನನಗೂ ಕಾಣತೊಡಗಿತು. ತಣ್ಣನೆಯ ಕಲ್ಲು, ಒದ್ದೆ ಟವಲು, ಗೆರೆಯ ಮೇಲೆ ಸರಿಯಾಗಿ ಕೂತ ಹಿಡಿಕೆ.

“ಏನ್ರೀ, ಪರೀಕ್ಷೆ ಮಾಡಿದ್ರಾ?” ಎಂದು ಸೂಪರಿಂಟೆಂಡೆಂಟರು ನನ್ನನ್ನು ಕೇಳಿದರು.

“ನೆನಪಿಲ್ಲ ಸಾರ್,” ಎಂದೆ.

ತೀರ್ಮಾನವನ್ನು ಅಜ್ಜಂಪುರದಲ್ಲಿದ್ದ ತಮ್ಮ ಬಿಡಾರದಿಂದ ಕಳಿಸುವುದಾಗಿ ಹೇಳಿ ಅವರು ಹೊರಟುಹೋದರು.

ಆ ಮಧ್ಯಾಹ್ನ ಡೇರೆಗೆ ಬಂದು ಪೆಟ್ಟಿಗೆಯಿಂದ ಡೈರಿ ತೆಗೆದೆ. ನನ್ನ ಮೇಲೆ ಹೊರಿಸಿದ ತಪ್ಪನ್ನು ಇಳಿಸಿಕೊಳ್ಳುವುದಕ್ಕೆ ತೆಗೆದೆನೇ ಹೊರತು ಬಾವಿಗಾಗಿ ಅಲ್ಲ, ಇದನ್ನು ಒಪ್ಪಿಕೊಂಡುಬಿಡಬೇಕು. ಕಲ್ಲು ನೆಟ್ಟ ದಿನದ ಪುಟದಲ್ಲಿ ಹೀಗಿತ್ತು: ‘ಗಾಡಿ ಇನ್ನೂ ಕಡೂರಿನಲ್ಲೇ. ಟೇಪಿಲ್ಲ. ಈ ದಿನವೂ ಪರೀಕ್ಷೆ ಮಾಡದೆ ಸರಿ ಎಂದು ಬರೆದು ಸಹಿ ಹಾಕಿದೆವು.’ ಇಬ್ಬನಿ, ಟವಲು ಮಾರನೆಯ ದಿನದ ಪುಟದಲ್ಲಿದ್ದವು. ಹಿರಿಯರ ಮನಸ್ಸು ಅವನ್ನು ಒಂದು ದಿನ ಹಿಂದಕ್ಕೆ ಸರಿಸಿತ್ತು. ನನ್ನ ಮನಸ್ಸು ಅದನ್ನು ಹಿಂಬಾಲಿಸಿತ್ತು.

ಪುಟವನ್ನು ಅವರಿಗೆ ತೋರಿಸಿದೆ. ಅವರು ಒಲೆಯ ಮುಂದೆ ಕೂತಿದ್ದರು. ಓದಿ, ಡೈರಿ ಹಿಂದಕ್ಕೆ ಕೊಟ್ಟರು.

“ಡೈರಿ ಅಂದ್ರೆ ಏನು? ನೀನು ಬರೆದದ್ದು ತಾನೆ? ದಿನ ತಪ್ಪಿ ಬರೆದಿರ್ತೀಯ.”

“ಗಾಡಿ ಬಂದದ್ದು ಕಲ್ಲು ನೆಟ್ಟ ಮಾರನೆ ದಿನ ಸಾರ್. ಆಳುಗಳನ್ನ ಕೇಳಿ.”

“ಆಳುಗಳನ್ನ ಕೇಳಬೇಕೇನಯ್ಯಾ ನಾನು? ಮೂವತ್ತು ವರ್ಷ ಸರಪಳಿ ಹಿಡಿದವನು?” ಅವರ ಕಣ್ಣು ತುಂಬಿಬಂದಿತ್ತು. “ನಿನಗೆ ಅನ್ನ ಹಾಕಿ ಕೆಲಸ ಕಲಿಸಿದೆ. ನನ್ನ ಪಿಂಚಣಿಗೆ ಕಲ್ಲು ಹಾಕ್ತೀಯಾ?” ಆಮೇಲೆ ತಟ್ಟೆ ನನ್ನ ಮುಂದಿಟ್ಟರು. “ಊಟ ಮಾಡು ಮೊದಲು.”

ಊಟ ಮಾಡಿದೆ. ಅವರಿಂದ ಮೋಸ ಹೋದೆನೆಂದು ನಾನು ಕುದಿಯುತ್ತಿದ್ದೆ. ನನ್ನಿಂದ ತಮಗೆ ಮೋಸವಾಯಿತೆಂದು ಅವರು. ಇಬ್ಬರೂ ಒಂದೇ ಹುಳಿ ಉಂಡೆವು.

ಮಾರನೆಯ ದಿನ ಬೆಳಗಾಗುತ್ತಲೇ ಎತ್ತಿನ ಗಾಡಿಯಲ್ಲಿ ಕಡೂರಿಗೆ ಹೋಗಿ ರೈಲು ಹತ್ತಿದೆ. ಬೀರೂರು ದಾಟಿದ ಮೇಲೆ ಟಿಕೀಟು ಸುತ್ತಿದ್ದ ಕಾಗದದ ಅಂಚಿನಲ್ಲಿ ಆ ಗುಣಾಕಾರ ಮಾಡಿದೆ. ಎಂಬತ್ತನಾಲ್ಕು ಮೂರಲಿ ಇನ್ನೂರ ಐವತ್ತೆರಡು ಅಂಗುಲ. ಇಪ್ಪತ್ತೊಂದು ಅಡಿ. ಬೇಲಿಯಿಂದ ನಮ್ಮ ಕಲ್ಲಿಗಿದ್ದ ದೂರವೂ ಸುಮಾರು ಅಷ್ಟೇ. ಅಜ್ಜಂಪುರದ ನಿಲ್ದಾಣದಲ್ಲಿ ಇಳಿಯದೆ ಮುಂದೆ ಹೋಗಿಬಿಡಬಹುದು ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಡೈರಿಯ ಅದೇ ಪುಟದಲ್ಲಿ ನನ್ನ ಸುಳ್ಳು ಸಹಿಯ ಮಾತೂ ಇತ್ತು. ಹಿರಿಯರದ್ದನ್ನು ಮಾತ್ರ ಹರಿದು ಕೊಡುವಂತಿರಲಿಲ್ಲ.

ಇಳಿದು, ಬಿಡಾರಕ್ಕೆ ಹೋಗಿ ಡೈರಿಯನ್ನು ಮುಂದಿಟ್ಟೆ. ಸೂಪರಿಂಟೆಂಡೆಂಟರು ಆ ಪುಟವನ್ನು ಎರಡು ಸಲ ಓದಿದರು.

“ನಿನ್ನೆ ನೆನಪಿಲ್ಲ ಅಂದ್ರಿ. ನಿಜವಾಗಿ ನೆನಪಿರ್ಲಿಲ್ವೋ, ಬೇಡವಾಗಿತ್ತೋ?”

ನನಗೆ ಅದು ಇಂದಿಗೂ ತಿಳಿಯದು. ಅವರು ಡೈರಿಯನ್ನು ಕಡತಕ್ಕೆ ಸೇರಿಸಿಕೊಂಡರು. ಅದು ನನಗೆ ಹಿಂದಕ್ಕೆ ಬರಲೇ ಇಲ್ಲ.

ಅದಾದ ಐದನೆಯ ದಿನ ಅವರ ಎದುರಿನಲ್ಲಿಯೇ ಪಡುವಣ ಮೂಲೆಯಿಂದ ಉಕ್ಕಿನ ಟೇಪು ಹಿಡಿದು ಅಳೆದೆವು. ಸಂಜೆಯ ಹೊತ್ತಿಗೆ ಗೆರೆ ಕತ್ತಾಳೆ ಬೇಲಿಯ ಬುಡಕ್ಕೆ ಬಂದು ನಿಂತಿತು. ಕಲ್ಲು ಕಿತ್ತು ಇಪ್ಪತ್ತೊಂದು ಅಡಿ ಹಿಂದಕ್ಕೆ ನೆಟ್ಟೆವು. ಬಾವಿ ಅವಳಿಗೆ ಮರಳಿತು. ಹದಿನೆಂಟು ಸಸಿಗಳಲ್ಲಿ ಹನ್ನೊಂದು ಅಷ್ಟರಲ್ಲಿ ಒಣಗಿದ್ದವು. ಅವಳು ಒಂದು ಒಣ ಸಸಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ನಮ್ಮ ಕಡೆ ನೋಡಿದಳು.

“ಇಪ್ಪತ್ತಡಿ ಹಿಂದಕ್ ಹೋಗಾಕೆ ಏಳು ವಾರ ಬೇಕಾಯ್ತಾ?” ಎಂದಳು. ಆಮೇಲೆ, “ಈಗ್ಯಾಕ್ ನಗಾಕಿಲ್ಲ ಬುದ್ಧೀ?”

ಹಿರಿಯರು ನನ್ನ ಹಿಂದೆ ನಿಂತಿದ್ದರು. ಮಾತು ತಲುಪಬೇಕಾದವರಿಗೆ ತಲುಪಲೆಂದು ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಅವಳ ಕಣ್ಣು ನನ್ನ ಜೊತೆಗೇ ಸರಿದಂತೆ ಕಂಡಿತು. ಇಳಿಬಿಸಿಲಿಗೆ ಹಾಗೆ ಕಂಡಿರಬೇಕು ಎಂದುಕೊಂಡೆ.

ನನ್ನ ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಹಿರಿಯರಿಗೆ ಎಚ್ಚರಿಕೆ ಬರೆದು, ಪಿಂಚಣಿಯನ್ನು ಮುಟ್ಟಲಿಲ್ಲ. ಅವರು ನಿವೃತ್ತರಾಗಿ ತರೀಕೆರೆಯಲ್ಲಿ ಮಗಳ ಮನೆಯಲ್ಲಿ ನೆಲೆಸಿದರು. ಹಲವು ವರ್ಷ ನಾವು ಭೇಟಿಯಾಗಲಿಲ್ಲ. ಹೋದ ವರ್ಷ ಕಚೇರಿಯ ಕೆಲಸದ ಮೇಲೆ ತರೀಕೆರೆಗೆ ಹೋದಾಗ ಸಂತೆಬೀದಿಯಲ್ಲಿ ನನ್ನನ್ನು ಗುರುತಿಸಿ ಮನೆಗೆ ಎಳೆದುಕೊಂಡು ಹೋದರು. ಜಗಲಿಯಲ್ಲಿ ಅಳಿಯ ಮತ್ತು ನೆರೆಯವರು ಇಬ್ಬರು ಕೂತಿದ್ದರು. ಕಾಫಿ ಬಂತು.

“ಇವನು ನನ್ನ ಶಿಷ್ಯ,” ಎಂದು ಅವರಿಗೆ ಹೇಳಿದರು. “ಯಗಟಿ ಹತ್ತಿರ ಒಂದು ಬಾವಿ ವಿಷಯ ಹೇಳಿದ್ದೆನಲ್ಲ, ಆಗ ಜೊತೆಗಿದ್ದವನು. ಪಾಪ, ಹುಡುಗ, ಹೆದರಿಬಿಟ್ಟಿದ್ದ. ‘ಬಡ ಹೆಂಗಸಿನ ಬಾವಿ ಕಣಯ್ಯಾ, ಡೈರಿ ತಗೊಂಡು ಹೋಗಿ ಸಾಹೇಬರ ಮುಂದೆ ಇಡು, ನನ್ನ ಪಿಂಚಣಿ ಹೋದ್ರೆ ಹೋಗ್ಲಿ’ ಅಂತ ನಾನೇ ಕಳಿಸಿದೆ. ಅಲ್ವೇನಯ್ಯಾ?”

ಎಲ್ಲರೂ ನನ್ನ ಕಡೆ ನೋಡಿದರು. ಅವರ ಮುಖ ಅಂದು ಚಾವಡಿಯಲ್ಲಿದ್ದಂತೆಯೇ ತಿಳಿಯಾಗಿತ್ತು. ಕಾಫಿ ಕುಡಿದು ಎದ್ದೆ. ಒಮ್ಮೆ ನನ್ನ ಮೇಲೆ ತಪ್ಪು ಹೊರಿಸಿದ್ದರು, ಈಗ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನೂ ತೆಗೆದುಕೊಂಡಿದ್ದರು. ಊರಿಗೆ ಬಂದವನೇ ಇಲಾಖೆಯ ಹಳೆಯ ಕಡತದಿಂದ ನನ್ನ ಡೈರಿಯ ಆ ಕೆಲವು ಪುಟಗಳ ನಕಲು ಬೇಕೆಂದು ಅರ್ಜಿ ಹಾಕಿದೆ. ನಕಲನ್ನು ಒಂದು ಲಕೋಟೆಯಲ್ಲಿಟ್ಟು, ಒಂದಕ್ಷರವೂ ಬರೆಯದೆ, ಅವರಿಗೆ ಅಂಚೆಯಲ್ಲಿ ಕಳಿಸಬೇಕೆಂದಿದ್ದೆ. ಅದು ಬರುವುದನ್ನು ಕಾಯುತ್ತ ಇಷ್ಟನ್ನು ಬರೆದೆ.

ನಕಲು ನಿನ್ನೆ ಬಂತು. ಗಾಡಿ, ಟೇಪು, ಸುಳ್ಳು ಸಹಿ, ಮಾರನೆಯ ದಿನದ ಇಬ್ಬನಿ, ಎಲ್ಲ ನಾನು ಹೇಳಿದಂತೆಯೇ ಇವೆ. ವಿಚಾರಣೆಯ ಸಂಜೆಯ ಪುಟದಲ್ಲಿ ಹಿರಿಯರು ನನ್ನನ್ನು ತಡೆದದ್ದೂ ಇದೆ. ಆದರೆ ಕಲ್ಲು ನೆಟ್ಟ ದಿನದ ಪುಟ ನಾನು ಮೇಲೆ ಬರೆದ ಸಾಲುಗಳಿಗೆ ಮುಗಿಯುವುದಿಲ್ಲ. ಅದರ ಕೆಳಗೆ, ನನ್ನದೇ ಮಾತುಗಳಲ್ಲಿ, ಹೀಗಿದೆ:

‘ಬಾವಿಯ ಹೆಂಗಸು ಸರಪಳಿಯ ಹೊಸ ಬಳೆಯನ್ನು ತೋರಿಸಿದಳು. ಹಿರಿಯರು ಬಗ್ಗಿ ನೋಡಿ, ಇವತ್ತಿಗೆ ನಿಲ್ಲಿಸೋಣವೇ ಎಂದು ನನ್ನನ್ನು ಕೇಳಿದರು. ನಾನು ನಕ್ಕು, ಸರಪಳಿ ನೋಡುವುದಕ್ಕೂ ಪರೀಕ್ಷೆ ಪಾಸು ಮಾಡಿದ್ದೀಯೇನಮ್ಮಾ ಎಂದೆ. ಆಳುಗಳು ಬಹಳ ನಕ್ಕರು.’

ಡೈರಿಯನ್ನು ಸೂಪರಿಂಟೆಂಡೆಂಟರಿಗೆ ಕೊಡುವ ಮುಂಚೆ ಆ ಪುಟವನ್ನು ಪೂರ್ತಿ ಓದಿದ್ದೆ. ಈ ಸಾಲುಗಳನ್ನೂ ಓದಿರಲೇಬೇಕು.

ಮೇಲೆ ಬರೆದದ್ದನ್ನು ತಿದ್ದಿಲ್ಲ. ಹಿರಿಯರು ನಕ್ಕರು ಎಂದೇ ಇರಲಿ. ತರೀಕೆರೆಯ ವಿಳಾಸ ಬರೆದ ಲಕೋಟೆ ಮೇಜಿನ ಮೇಲಿದೆ, ಅದರೊಳಗೆ ಏನೂ ಇಟ್ಟಿಲ್ಲ. ಒಣಗಿದ ಸಸಿ ಹಿಡಿದು ಅವಳು ಕೇಳಿದಾಗ ನಾನು ಪಕ್ಕಕ್ಕೆ ಸರಿಯಬಾರದಾಗಿತ್ತು.